ಬೂದಿ ಉಳಿಯದ ಕಾಗದ

ಜೂನ್ ೧೧

ಪ್ರೀತಿಯ ಅಪ್ಪ,

ಫೋನ್ ಮಾಡದೆ ಕಾಗದ ಬರೆದಿದ್ದಾಳೆ ಎಂದರೆ ಏನೋ ಗ್ರಹಚಾರ ಕಾದಿದೆ ಎಂದು ನೀನು ಈಗಾಗಲೇ ಕನ್ನಡಕ ಒರೆಸಿಕೊಂಡು ಕೂತಿರುತ್ತೀಯ. ಫೋನಿನಲ್ಲಾದರೆ ನಾನು ಕಿರುಚಬೇಕು, ನೀನು ಕೇಳಿಸಿತು ಕೇಳಿಸಿತು ಎಂದು ಸುಳ್ಳು ಹೇಳಬೇಕು, ಕೊನೆಗೆ ಇಬ್ಬರೂ ಸಿಟ್ಟು ಮಾಡಿಕೊಂಡು ಇಡಬೇಕು. ಈ ವಿಷಯಕ್ಕೆ ಅದು ಬೇಡ ಅನ್ನಿಸಿತು.

ಪುಡಿ ಕೈಕೊಟ್ಟಿದೆ ಅಪ್ಪ. ನಿನ್ನದೂ ಅಮ್ಮನದೂ ಪುಡಿ.

ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುವುದು ತಮಾಷೆಯೇ. ಆದರೂ ಕ್ರಮವಾಗಿ ಹೇಳುತ್ತೇನೆ, ನಮ್ಮ ಗೈಡ್ ಮೇಡಂ ಮುಂದೆ ಹೇಳಿ ಹೇಳಿ ಚಾಳಿ ಬಿದ್ದಿದೆ. ಸತುವಿನ ಆಕ್ಸೈಡು ಬರೀ ಬಿಳಿ ಪುಡಿ, ಅದಕ್ಕೆ ಅಯಸ್ಕಾಂತದ ಗಂಧಗಾಳಿಯೇ ಇಲ್ಲ. ಅದಕ್ಕೆ ಒಂದು ಚಿಟಿಕೆ ಮ್ಯಾಂಗನೀಸ್ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುವ ಹಾಗೆ ಮಾಡಿ, ಮೂಸೆಯಲ್ಲಿಟ್ಟು ಕಾಯಿಸಿದರೆ ಬಿಸ್ಕತ್ತಿನ ಬಣ್ಣ ಬರುತ್ತದೆ. ಇಲ್ಲಿಯವರೆಗೆ ನನಗೂ ಬಂದಿದೆ. ಆದರೆ ಅಮ್ಮನ ಹೆಸರು ಮೊದಲು, ನಿನ್ನ ಹೆಸರು ಆಮೇಲೆ ಹಾಕಿ ನೀವು ಅಚ್ಚು ಮಾಡಿಸಿದ ಆ ಪ್ರಬಂಧದ ಪ್ರಕಾರ, ಈ ಪುಡಿಯ ಹತ್ತಿರ ಅಯಸ್ಕಾಂತ ತಂದು ಆಮೇಲೆ ದೂರ ಸರಿಸಿದರೂ ಅದರ ನೆನಪು ಪುಡಿಯೊಳಗೆ ಸ್ವಲ್ಪ ಉಳಿಯಬೇಕು. ನನ್ನ ಪುಡಿಗೆ ಯಾವ ನೆನಪೂ ಇಲ್ಲ. ಎಷ್ಟು ಸಲ ಮಾಡಿದರೂ ಅಷ್ಟೇ.

ಮೇಡಂ ಮೊನ್ನೆ ಬಾಗಿಲು ಹಾಕಿಕೊಂಡು ಹೇಳಿದರು. "ನೋಡಮ್ಮ, ತುಂಬಾ ಕಡೆ ಹಿಂಗಾಗಿದೆ. ಸ್ಟೀಲ್ ಚಿಮಟದಲ್ಲಿ ಒಂದ್ಸಲ ಹಿಡಿದ್ರೆ ಸಾಕು, ಕಾಣದಷ್ಟು ಕಬ್ಬಿಣ ಅಂಟ್ಕೊಳುತ್ತೆ. ಯಂತ್ರಕ್ಕೇನು ಗೊತ್ತು, ಅದು ಅಯಸ್ಕಾಂತ ಅಂತ ತೋರಿಸಿಬಿಡುತ್ತೆ. ಆ ಹಳೇ ಫಲಿತಾಂಶ ಕೊಳೆಯಿಂದ ಬಂದದ್ದು ಅಂತ ಒಂದು ಅಧ್ಯಾಯ ಬರೆದು ಮುಂದೆ ಹೋಗು." ಮೊದಲ ಹೆಸರು ನನ್ನ ತಾಯಿಯದು ಎಂದು ಅವರಿಗೆ ಗೊತ್ತಿದೆ. ಗೊತ್ತಿದ್ದೇ ಮೆತ್ತಗೆ ಹೇಳಿದರು.

ವರ್ಷದ ಕೊನೆಗೆ ಥೀಸಿಸ್ ಕೊಡಬೇಕು. ಬರೆಯುವ ಮೊದಲು ಒಂದು ದಾರಿ ಇದೆ. ಅಮ್ಮ ಆಗ ಮಾಡಿದ ಪುಡಿ ಒಂದು ಶೀಸೆಯಲ್ಲಿ ಉಳಿದಿತ್ತಲ್ಲ, ಅರಗು ಹಾಕಿ ಮುಚ್ಚಿದ್ದು? ಅದನ್ನು ಕಳಿಸು. ಅಳೆದು, ಆಮೇಲೆ ಆಮ್ಲದಲ್ಲಿ ಕರಗಿಸಿದರೆ ಕಬ್ಬಿಣ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಕರಗಿದ್ದು ವಾಪಸ್ ಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಿನ್ನ
ಚಿಟಿಕೆ

—

ಜೂನ್ ೨೪

ಚಿಟಿಕೆ,

ನಿನ್ನ ಕಾಗದ ಬಂತು. ಅಂಚೆಯವನು ಬಾಗಿಲು ಬಡಿದು ಬಡಿದು ಸಾಕಾಗಿ ಕಿಟಕಿಯಿಂದ ಎಸೆದು ಹೋದ, ಅದು ನೇರ ನನ್ನ ಚಹಾದ ಬಸಿಗೆ ಬಂದು ಬಿತ್ತು. ಮೊದಲ ಪುಟದ ಅರ್ಧ ಶಾಯಿ ಹರಿದಿದೆ. ಕೆಟ್ಟ ಸುದ್ದಿ ಇದ್ದ ಅರ್ಧ ಮಾತ್ರ ಚೆನ್ನಾಗಿ ಉಳಿದಿದೆ.

ನಿಮ್ಮಮ್ಮನ ಚಿಮಟ ಕೊಳಕಾಗಿತ್ತಂತೆ. ನಿಮ್ಮ ಮೇಡಂಗೆ ನನ್ನ ನಮಸ್ಕಾರ ತಿಳಿಸಿ, ಈ ಮಾತು ಹೇಳು: ಆ ಹೆಂಗಸು ನಾನು ಕುಡಿದಿಟ್ಟ ಲೋಟವನ್ನು ನಾನು ತೊಳೆದ ಮೇಲೆ ಮತ್ತೊಮ್ಮೆ ತೊಳೆಯುತ್ತಿದ್ದಳು. ಲ್ಯಾಬಿನಲ್ಲಿ ಅವಳ ಚಿಮಟ ಪ್ಲಾಸ್ಟಿಕ್ಕಿನದು. ಅದನ್ನು ಬೇರೆ ಯಾರೂ ಮುಟ್ಟಬಾರದು ಎಂದು ತುದಿಗೆ ಕೆಂಪು ದಾರ ಸುತ್ತಿದ್ದಳು. ನಾನು ಒಮ್ಮೆ ಮರೆತು ಅದರಿಂದ ಬೆರಳಿನ ಮುಳ್ಳು ಕಿತ್ತುಕೊಂಡೆ. ಎರಡು ದಿನ ಮಾತು ಬಿಟ್ಟಳು. ಆಗಿನ್ನೂ ಮದುವೆ ಆಗಿರಲಿಲ್ಲ, ಆದರೂ ಮಾಡಿಕೊಂಡೆ, ನನ್ನ ಧೈರ್ಯ ನೋಡು.

ಆ ಪುಡಿ ಅಳೆದ ದಿನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಈಗಿನ ಹಾಗೆ ಪರದೆಯ ಮೇಲೆ ಚಿತ್ರ ಮೂಡುತ್ತಿರಲಿಲ್ಲ. ಒಂದು ಪೆನ್ನು ಉದ್ದನೆಯ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅಯಸ್ಕಾಂತದ ಬಲ ಹೆಚ್ಚಿಸಿದರೆ ಪೆನ್ನು ಮೇಲೆ ಹೋಗಬೇಕು, ಇಳಿಸಿದರೆ ಹೋದ ದಾರಿಯಲ್ಲೇ ಸುಮ್ಮನೆ ವಾಪಸ್ ಬರಬೇಕು. ಅಷ್ಟು ದಿನವೂ ಹಾಗೇ ಬಂದಿತ್ತು. ಆವತ್ತು ಪೆನ್ನು ಬೇರೆ ದಾರಿ ಹಿಡಿದು ಇಳಿಯಿತು. ನಡುವೆ ಸೂಜಿಯ ಕಣ್ಣಿನಷ್ಟು ಸಣ್ಣ ಕುಣಿಕೆ. "ಬಂತು, ಬಂತು, ನೆನಪಿಟ್ಕೊಂಡು ಬಂತು" ಎಂದು ನಿಮ್ಮಮ್ಮ ಕುರ್ಚಿ ಕುಟ್ಟಿದಳು. ಹೊಟ್ಟೆಯಲ್ಲಿ ನೀನಿದ್ದೆ, ಕುಣಿಯುವ ಹಾಗಿರಲಿಲ್ಲ. ಅವಳ ಪಾಲಿನದನ್ನೂ ನಾನೇ ಕುಣಿದೆ. ಕೆಳಗಿನ ಮಹಡಿಯವರು ಬಂದು ಏನು ಬಿತ್ತು ಎಂದು ಕೇಳಿದರು.

ಶೀಸೆ ಹುಡುಕಿದೆ. ಎಲ್ಲೋ ಇತ್ತು, ಸಿಕ್ಕಲಿಲ್ಲ. ಮನೆ ಬದಲಾಯಿಸುವಾಗ ಹೋಗಿರಬೇಕು.

ಇಲ್ಲಿ ಎಲ್ಲ ಯಥಾಪ್ರಕಾರ. ರೈಲು ಹೋದಾಗಲೆಲ್ಲ ಮನೆ ನಡುಗುತ್ತದೆ, ನಾನು ನಡುಗುವುದಿಲ್ಲ.

ಅಪ್ಪ

—

ಜುಲೈ ೯

ಅಪ್ಪ,

ಶೀಸೆ ಸಿಕ್ಕಲಿಲ್ಲ ಎಂದು ಬರೆದ ಸಾಲಿನಲ್ಲಿ ನಿನ್ನ ಅಕ್ಷರ ಒಮ್ಮೆಲೇ ದುಂಡಗಾಗಿದೆ. ನಾನು ಶಾಲೆಯಲ್ಲಿದ್ದಾಗ ರಜೆ ಚೀಟಿಯಲ್ಲಿ ನೀನು ನನಗಿಲ್ಲದ ಜ್ವರ ಬರೆಯುವಾಗಲೂ ಹೀಗೇ ದುಂಡಗೆ ಬರೆಯುತ್ತಿದ್ದೆ. ಇರಲಿ, ಇನ್ನೊಮ್ಮೆ ಹುಡುಕು.

ಪ್ಲಾಸ್ಟಿಕ್ ಚಿಮಟದ ವಿಷಯ ಮೇಡಂಗೆ ಹೇಳಿದೆ. ನಕ್ಕರು. "ಕೆಂಪು ದಾರ ಸುತ್ತಿದ್ರು ಅಂತ ಥೀಸಿಸ್‌ನಲ್ಲಿ ಬರೆಯಕ್ಕಾಗುತ್ತಾ?" ಎಂದರು. ಆಮೇಲೆ ಅವರೇ ಒಂದು ಮಾತು ಸೇರಿಸಿದರು. ನಿಮ್ಮಪ್ಪನೂ ಆಮೇಲೆ ಮಾಡಿ ನೋಡಿರಬೇಕಲ್ಲ, ಅವರಿಗೆ ಬಂತಾ ಕೇಳು ಎಂದು.

ಬಂತಾ ಅಪ್ಪ? ನೀನು ಯಾವತ್ತೂ ಹೇಳಿಲ್ಲ. ನಾನು ಇದೇ ವಿಷಯ ಆರಿಸಿಕೊಂಡೆ ಎಂದಾಗ ನೀನು ಸಂತೋಷಪಡುತ್ತೀಯ ಎಂದುಕೊಂಡಿದ್ದೆ. "ಬೇರೆ ಏನೂ ಸಿಕ್ಕಲಿಲ್ವಾ?" ಎಂದು ಕೇಳಿ ನೀನು ಪೇಪರ್ ಓದುತ್ತಾ ಕೂತೆ. ಅಮ್ಮನ ಕೆಲಸ ನಾನು ಕೆಡಿಸುತ್ತೇನೆ ಎಂದು ನಿನಗೆ ಭಯ ಅಂತ ಆಗ ತಿಳಿದುಕೊಂಡೆ. ಅಳು ಬಂದಿತ್ತು, ತೋರಿಸಲಿಲ್ಲ.

ನಮ್ಮ ಲ್ಯಾಬು ನೆಲಮಾಳಿಗೆಯಲ್ಲಿದೆ. ಅಳೆಯುವ ಯಂತ್ರ ಮೂಲೆಯ ಗಾಜಿನ ಕೋಣೆಯಲ್ಲಿ, ಅದಕ್ಕೆ ನಮಗಿಂತ ಹೆಚ್ಚು ತಂಪು ಬೇಕು. ಹೊರಗೆ ಸೆಕೆಗೆ ಎಲ್ಲರೂ ಬೇಯುತ್ತಿರುವಾಗ ನಾನು ಸ್ವೆಟರ್ ಹಾಕಿಕೊಂಡು ಅಲ್ಲಿ ಕೂತು ನೇರ ಗೆರೆಗಳನ್ನು ನೋಡುತ್ತಿರುತ್ತೇನೆ. ಒಂದಾದರೂ ಸ್ವಲ್ಪ ಸೊಟ್ಟಗೆ ಬರಬಾರದೇ ಎಂದು.

ಒಂದು ಉಪಕಾರ ಮಾಡು. ಅಮ್ಮ ಆ ಪುಡಿ ಮಾಡಿದ ದಿನಗಳಲ್ಲಿ ಏನೇನಾಯಿತು, ಎಲ್ಲಾ ಬರೆ. ಪ್ರಬಂಧದಲ್ಲಿರುವುದು ನನಗೆ ಬಾಯಿಪಾಠ ಆಗಿದೆ. ಅದರಲ್ಲಿ ಇಲ್ಲದ್ದು ಬೇಕು. ಕೆಲಸಕ್ಕೆ ಬಾರದ್ದನ್ನೇ ಬರೆ.

ಚಿಟಿಕೆ

—

ಆಗಸ್ಟ್ ೨

ಚಿಟಿಕೆ,

ಕೆಲಸಕ್ಕೆ ಬಾರದ್ದನ್ನು ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಸರಿಯಾದವನನ್ನೇ ಕೇಳಿದ್ದೀಯ.

ಮೊದಲು ನಿನ್ನ ಪ್ರಶ್ನೆ. ಇಲ್ಲ, ನನಗೆ ಬರಲಿಲ್ಲ. ನೀನು ಹುಟ್ಟಿದ ಮೇಲೆ ನಿಮ್ಮಮ್ಮ ಮನೆಯಲ್ಲಿದ್ದಳು, ನಾನು ಒಬ್ಬನೇ ಅದೇ ಮೂಸೆ, ಅದೇ ಕುಲುಮೆಯಲ್ಲಿ ಮಾಡಿದೆ. ಪೆನ್ನು ಹೋದ ದಾರಿಯಲ್ಲೇ ಮರ್ಯಾದೆಯಾಗಿ ವಾಪಸ್ ಬಂತು. ಸಂಜೆ ಮನೆಗೆ ಬಂದರೆ ಅವಳು ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು, "ಬಂತಾ?" ಎಂದು ಕೇಳುವಳು. ನಾನು ಇಲ್ಲ ಎಂದು ತಲೆ ಆಡಿಸುವೆ. ಕೆಲವು ದಿನಗಳ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಆ ಕುಲುಮೆಯ ತಂತಿ ಸುಟ್ಟು ಹೋಗಿ ಹೊಸದು ಬಂತು, ಗುಂಪು ಚದುರಿತು, ನಾನು ಕಾಲೇಜಿಗೆ ಪಾಠ ಮಾಡಲು ಹೋದೆ. ಅವಳು ಶಾಲೆಯ ಲ್ಯಾಬು ನೋಡಿಕೊಳ್ಳುವ ಕೆಲಸ ಹಿಡಿದಳು. ಆ ಪುಡಿಯ ವಿಷಯ ನಾವಿಬ್ಬರೂ ಮನೆಯಲ್ಲಿ ಎತ್ತುತ್ತಿರಲಿಲ್ಲ. ನೀನು ಆರಿಸಿಕೊಂಡೆ ಎಂದಾಗ ಭಯವಾಗಿ ಪೇಪರ್ ಮುಖಕ್ಕೆ ಹಿಡಿದೆ. ನೀನು ಕೆಡಿಸುತ್ತೀಯ ಎಂದಲ್ಲ. ನೀನು ಸರಿಯಾಗಿ ಮಾಡುತ್ತೀಯ, ಸರಿಯಾಗಿ ಮಾಡಿದರೆ ಏನು ಸಿಗುತ್ತದೋ ಎಂದು.

ಈಗ ಆ ದಿನಗಳು. ನಮ್ಮ ಲ್ಯಾಬು ಮೊದಲು ಯಾವುದೋ ಉಗ್ರಾಣವಾಗಿತ್ತು. ಎತ್ತರದ ಕಿಟಕಿ, ಮಧ್ಯಾಹ್ನ ಬಿಸಿಲು ಒಂದೇ ಚೌಕವಾಗಿ ಮೇಜಿನ ಮೇಲೆ ಬೀಳುತ್ತಿತ್ತು, ನಿಮ್ಮಮ್ಮ ತೂಕದ ತಕ್ಕಡಿಯನ್ನು ಆ ಬಿಸಿಲಿಗೆ ಸಿಗದ ಹಾಗೆ ದಿನಾ ಸರಿಸುವಳು. ಕುಲುಮೆ ಮೇಲಿನಿಂದ ತೆರೆಯುವಂಥದ್ದು, ನೀರಿನ ಕೊಡದಷ್ಟು ಗಾತ್ರ. ಅದನ್ನಿಟ್ಟ ಮೇಜಿನ ಇನ್ನೊಂದು ತುದಿಯಲ್ಲೇ ಗಾಳಿ ಎಳೆಯುವ ಪಂಪು. ಪಂಪು ಶುರುವಾದರೆ ಮೇಜು ನಡುಗುವುದು, ಮೂಸೆಯ ಮುಚ್ಚಳ ಕಟಕಟ ಕಟಕಟ ಎಂದು ಹಲ್ಲು ಕಡಿಯುವುದು. ಪಿಂಗಾಣಿಯ ಮೇಲೆ ಪಿಂಗಾಣಿ. ನನಗದು ಅಭ್ಯಾಸವಾಗಿತ್ತು.

ನೀನು ಹೊಟ್ಟೆಯಲ್ಲಿದ್ದಾಗ ಅವಳಿಗೆ ಯಾವ ವಾಸನೆಯೂ ಆಗದು, ಯಾವ ಸದ್ದೂ ಆಗದು. ಆ ಮುಚ್ಚಳದ ಸದ್ದು ಕೇಳಿದರೆ ವಾಂತಿ ಬರುತ್ತೆ ಎನ್ನುವಳು. "ರೀ, ಆ ಪಂಪ್ ನಿಲ್ಸಿ, ಇಲ್ಲಾಂದ್ರೆ ನನ್ನ ನಿಲ್ಸಿ." ಪಂಪು ನಮ್ಮ ಮೇಜಿನ ಮೇಲಿದ್ದರೂ ಓಡುತ್ತಿದ್ದದ್ದು ಪಕ್ಕದ ಕೋಣೆಯವರ ಕೆಲಸಕ್ಕೆ, ನಿಲ್ಲಿಸುವ ಹಾಗಿಲ್ಲ. ಹೇಗೋ ಅವಳೇ ಸುಮ್ಮನಾಗಿಸಿಕೊಂಡಳು. ಬೈದಳೋ ಏನೋ, ಅವಳು ಬೈದರೆ ಎಂಥದ್ದೂ ಸುಮ್ಮನಾಗುತ್ತಿತ್ತು. ಆಮೇಲೆ ಕುಲುಮೆಯ ಪಕ್ಕ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಾ ಕೂತಿರುತ್ತಿದ್ದಳು. ನಿನಗೆಂದು ಹೆಣೆದದ್ದು, ಒಂದು ತೋಳು ಉದ್ದ. ಹೊಟ್ಟೆಯ ಮೇಲೆ ಕೈಯಿಟ್ಟು, "ಇದೂ ಒಂದು ಚಿಟಿಕೆ, ಇಷ್ಟರಿಂದಾನೇ ಎಲ್ಲಾ ಬದಲಾಗೋದು" ಎನ್ನುವಳು. ನಿನ್ನ ಹೆಸರು ಅಲ್ಲಿಂದ ಬಂತು.

ಆ ಮೂಸೆ ಒಡೆದುಹೋಯಿತು. ಮುಚ್ಚಳ ನನ್ನ ಬಳಿಯೇ ಇದೆ. ರಾತ್ರಿ ಕುಡಿಯುವ ನೀರಿನ ಲೋಟಕ್ಕೆ ಮುಚ್ಚುತ್ತೇನೆ.

ಇಷ್ಟು ಸಾಕಾ? ಬರೆಯುತ್ತಾ ಬರೆಯುತ್ತಾ ನನಗೆ ಅಲ್ಲಿಂದ ಎದ್ದು ಬರಲು ಮನಸ್ಸಿಲ್ಲ. ಬಿಸಿಲಿನ ಆ ಚೌಕ ಈಗ ಎಲ್ಲಿ ಬೀಳುತ್ತದೋ, ಅದರಿಂದ ಯಾರು ತಕ್ಕಡಿ ಸರಿಸುತ್ತಾರೋ.

ನಿನ್ನ
ಅಪ್ಪ

—

ಸೆಪ್ಟೆಂಬರ್ ೨೧

ಅಪ್ಪ,

ಬಸ್ಸಿನಲ್ಲಿ ಪೂರ್ತಿ ದಾರಿ ನಿನ್ನ ಮೇಲೆ ಸಿಟ್ಟು ಮಾಡಿಕೊಂಡೇ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ಹಲ್ಲುನೋವು ಎಂದು ತಿಳಿದು ಲವಂಗ ಕೊಟ್ಟಳು.

ಮನೆಗೆ ಬಂದದ್ದು ನಿನ್ನನ್ನು ನೋಡಲು. ನಂಬಿದರೆ ನಂಬು. ನಿನ್ನ ಕನ್ನಡಕದ ಡಬ್ಬಿ ತೆರೆದದ್ದೂ ನೀನೇ ಕನ್ನಡಕ ಕೊಡು ಅಂದದ್ದಕ್ಕೆ. ಅದರೊಳಗೆ ಕನ್ನಡಕದ ಬದಲು ಶೀಸೆ ಮಲಗಿತ್ತು. ಅಮ್ಮನ ಅಕ್ಷರದಲ್ಲಿ "ಯಾರೂ ಮುಟ್ಟತಕ್ಕದ್ದಲ್ಲ" ಎಂದು ಚೀಟಿ. ಮನೆ ಬದಲಾಯಿಸುವಾಗ ಹೋದ ಶೀಸೆ! ನಾನು ಕೇಳಿದರೆ ನೀನು ಏನೂ ಕೇಳಿಸದವನ ಹಾಗೆ ಗೋಡೆ ನೋಡಿದೆ. ಬೇಕಾದಾಗ ಮಾತ್ರ ಕಿವುಡು.

ಆಮೇಲೆ ನೀನು ಅಂದದ್ದು ನನಗೆ ಮರೆಯುವುದಿಲ್ಲ. "ಅವಳದ್ದು ಅಂತ ಅವಳ ಕೈಯಾರೆ ಮಾಡಿದ್ದು ಇದೊಂದೇ ಉಳಿದಿರೋದು. ಇದನ್ನೂ ಕರಗಿಸಿ, ಅವಳು ಕೊಳಕು ಅಂತ ಸರ್ಟಿಫಿಕೇಟ್ ತಗೋತೀಯಾ?" ಎಂದೆ. ನಾನು ಯಾರಪ್ಪ ಹಾಗಾದರೆ? ನಾನೂ ಅವಳು ಮಾಡಿದ್ದೇ ಅಲ್ಲವಾ?

ಬಾಗಿಲು ಜೋರಾಗಿ ಹಾಕಿಕೊಂಡು ಬಂದದ್ದು ತಪ್ಪು. ಉಳಿದದ್ದು ತಪ್ಪಲ್ಲ. ನವೆಂಬರ್ ಕೊನೆಗೆ ಮೇಡಂಗೆ ಅಧ್ಯಾಯ ಕೊಡಬೇಕು. ಶೀಸೆ ಬಂದರೆ ಅದು ಏನು ಹೇಳುತ್ತದೋ ಅದನ್ನು ಬರೆಯುತ್ತೇನೆ. ಬರದಿದ್ದರೆ ನನ್ನ ನೇರ ಗೆರೆಗಳು ಹೇಳುವುದನ್ನು ಬರೆಯುತ್ತೇನೆ. ಅಮ್ಮ ಇದ್ದಿದ್ದರೂ ಬೇರೆ ಥರ ಬರೆ ಎನ್ನುತ್ತಿರಲಿಲ್ಲ.

ಔಷಧಿ ಮೇಜಿನ ಎಡಗಡೆ ಇಟ್ಟಿದ್ದೇನೆ. ಬಲಗಡೆ ಇರುವುದು ಬೆನ್ನಿಗೆ ಹಚ್ಚುವುದು, ಕುಡಿಯಬೇಡ.

ಚಿಟಿಕೆ

—

ಅಕ್ಟೋಬರ್ ೨೦

ಚಿಟಿಕೆ,

ನೀನು ಹೋದ ಮೇಲೆ ಡಬ್ಬಿಗೆ ಕನ್ನಡಕ ಹಾಕಿದೆ, ಶೀಸೆ ಹೊರಗಿಟ್ಟೆ. ಹಗಲೆಲ್ಲ ಎದುರಿಗಿಟ್ಟುಕೊಂಡು ನೋಡಿದೆ. ನೋಡುವುದು ಮಾತ್ರ, ಮಾಡಿದ್ದೇನೂ ಇಲ್ಲ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು, ಮೊಣಕಾಲಿಗೆ ಒಳ್ಳೆಯ ವ್ಯಾಯಾಮವಾಯಿತು.

ಒಂದು ವಿಷಯ ನೆನಪಾಯಿತು. ನಾವಿನ್ನೂ ಆ ಲ್ಯಾಬಿಗೆ ಹೊಸಬರು. ನಾನು ಮಾಡಿದ ಒಂದು ಪುಡಿ ತುಂಬಾ ಚೆನ್ನಾಗಿ ಬಂದಿತ್ತು, ಅಥವಾ ಬಂದ ಹಾಗೆ ಕಾಣುತ್ತಿತ್ತು. ಆದರೆ ಬಳಸಿದ ನೀರು ಶುದ್ಧವಾಗಿತ್ತೋ ಇಲ್ಲವೋ ಎಂದು ಒಂದು ಸಣ್ಣ ಅನುಮಾನ. ಅದನ್ನು ಅವಳಿಗೆ ಹೇಳಿದ್ದೇ ತಪ್ಪಾಯಿತು. ನೇರ ಬಂದಳು, ಶೀಸೆ ಎತ್ತಿದಳು, ತೊಟ್ಟಿಗೆ ಸುರಿದು ನೀರು ಬಿಟ್ಟಳು. "ಅನುಮಾನ ಇರೋದನ್ನ ಇಟ್ಕೊಂಡು ಮುದ್ದಾಡಕ್ಕಾಗಲ್ಲ. ಇನ್ನೊಂದ್ಸಲ ಮಾಡಿ, ಬರುತ್ತೆ." ನನಗೆ ಅವಳ ಕತ್ತು ಹಿಸುಕುವಷ್ಟು ಸಿಟ್ಟು. ಇನ್ನೊಂದು ಸಲ ಮಾಡಿದೆ. ಬರಲಿಲ್ಲ. ಮಧ್ಯಾಹ್ನ ಪೂರ್ತಿ ನನ್ನ ಪಕ್ಕ ಕೂತಿದ್ದಳು. ನಾನು ಮದುವೆಯಾದದ್ದು ಅಂಥವಳನ್ನು. ಇಷ್ಟು ದಿನ ಡಬ್ಬಿಯಲ್ಲಿ ಅಡಗಿಸಿ ಇಟ್ಟುಕೊಂಡದ್ದು ಬೇರೆ ಯಾರನ್ನೋ.

ಶೀಸೆ ಕಳಿಸಿದ್ದೇನೆ. ಒಡೆಯಬಾರದು ಎಂದು ನನ್ನ ಕಾಲುಚೀಲದಲ್ಲಿ ಸುತ್ತಿದ್ದೇನೆ. ಒಗೆದದ್ದೇ, ಮೂಗು ಮುಚ್ಚಿಕೊಳ್ಳಬೇಡ. ಕರಗಿಸು. ಕಬ್ಬಿಣ ಸಿಕ್ಕರೆ ಸಿಕ್ಕಿತು ಎಂದು ಬರೆ, ಅವಳ ಹೆಸರನ್ನೂ ಪೂರ್ತಿಯಾಗಿ ಬರೆ. ಮೆತ್ತಗೆ ಮಾಡಬೇಡ. ನನಗೆ ನೋವಾಗುತ್ತದೆ, ಆಗಲಿ. ನೀನು ಅವಳು ಮಾಡಿದ್ದೇ, ಅದರಲ್ಲಿ ಯಾವ ಕೊಳೆಯೂ ಇಲ್ಲ ಎಂದು ನನಗೆ ಗೊತ್ತು. ಆವತ್ತು ನಾನು ಹಾಗೆ ಅನ್ನಬಾರದಿತ್ತು ಮಗಳೇ.

ಅಪ್ಪ

—

ಅಕ್ಟೋಬರ್ ೨೧

ಅಪ್ಪಾ ಅಪ್ಪಾ ಅಪ್ಪಾ,

ಮೊದಲು ಕೂತುಕೋ. ಕೂತಿದ್ದೀಯಾ?

ನಿನ್ನ ಲೋಟ. ನೀರಿನ ಲೋಟ. ಜಗಳವಾದ ಮೇಲೆ, ಹೊರಡುವ ಮುಂಚೆ ಅದನ್ನು ತೊಳೆಯಲು ತೆಗೆದಿದ್ದೆ. ಮುಚ್ಚಳ ಎತ್ತಿದರೆ ಅದರ ಕೆಳಗೆ ಒಂದು ಕಾಗದ. ದುಂಡನೆಯ ಕಾಗದ, ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿದ್ದು. ಆಗ ಸಿಟ್ಟಿನಲ್ಲಿದ್ದೆ, ಬುಟ್ಟಿಗೆ ಎಸೆದು ಲೋಟ ತೊಳೆದಿಟ್ಟೆ. ಹೋದ ವಾರ ಇಲ್ಲಿ ಏನೋ ಸೋಸಲು ಫಿಲ್ಟರ್ ಕಾಗದ ತೆಗೆದುಕೊಂಡು, ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚುವಾಗ ಕೈ ಅಲ್ಲೇ ನಿಂತುಬಿಟ್ಟಿತು. ನಿನ್ನ ಲೋಟದಲ್ಲಿದ್ದದ್ದು ಇದೇ. ಅಮ್ಮ ಲ್ಯಾಬು ಬಿಡುವಾಗ ಮನೆಗೆ ತಂದಿದ್ದ ಆ ಹಳದಿ ಡಬ್ಬದ್ದು, ಸುಟ್ಟರೆ ಬೂದಿ ಕೂಡ ಉಳಿಯದ ಕಾಗದ. ಮನೆಯಲ್ಲಿ ಅವಳೇ ಲೋಟದ ಮೇಲೆ ಅದನ್ನಿಟ್ಟು ಮುಚ್ಚಳ ಮುಚ್ಚುತ್ತಿದ್ದಳು, ರೈಲು ಹೋದಾಗ ಕಟಕಟ ಅನ್ನಬಾರದು ಎಂದು.

ಈಗ ನಿನ್ನ ಆಗಸ್ಟ್ ಕಾಗದ ತೆಗೆದು ಓದು. ಬೇಡ, ಅದು ನನ್ನ ಹತ್ತಿರ ಇದೆ. ಮುಚ್ಚಳ ಹಲ್ಲು ಕಡಿಯುತ್ತಿತ್ತು, ಅವಳು ಹೇಗೋ ಸುಮ್ಮನಾಗಿಸಿದಳು, ಬೈದಳೋ ಏನೋ ಎಂದು ಬರೆದಿದ್ದೀಯ. ಬೈದದ್ದಲ್ಲಪ್ಪ. ಮೂಸೆಗೂ ಮುಚ್ಚಳಕ್ಕೂ ನಡುವೆ ಇದೇ ಕಾಗದ ಮಡಚಿ ಇಟ್ಟಿದ್ದಾಳೆ!

ಹಾಗೇ ಮಾಡಿ ನೋಡಿದೆ. ಪ್ಲಾಸ್ಟಿಕ್ ಚಿಮಟ, ಹೊಸ ಮೂಸೆ, ಮುಚ್ಚಳದ ಕೆಳಗೆ ಮಡಚಿದ ಕಾಗದ. ಬಿಸಿ ಏರುವಾಗ ಕಾಗದ ಸುಡುತ್ತದೆ. ಸುಡಲು ಒಳಗಿನ ಗಾಳಿಯ ಆಮ್ಲಜನಕ ತಿನ್ನುತ್ತದೆ, ಸಾಲದೆ ಪುಡಿಯಿಂದಲೂ ಒಂದಿಷ್ಟು ಕಿತ್ತುಕೊಳ್ಳುತ್ತದೆ. ಪುಡಿಯ ಕಣಗಳೊಳಗೆ ಆಮ್ಲಜನಕ ಕೂರಬೇಕಾದ ಕಡೆ ಅಲ್ಲಲ್ಲಿ ಜಾಗ ಖಾಲಿ. ಎಲ್ಲಾ ಜಾಗ ತುಂಬಿದ್ದಾಗ ಮ್ಯಾಂಗನೀಸುಗಳು ದೂರದೂರ ಕೂತು ತಮ್ಮ ಪಾಡಿಗೆ ತಾವಿರುತ್ತವೆ. ಜಾಗ ಖಾಲಿಯಾದರೆ ಆ ಖಾಲಿ ಜಾಗದ ಮೂಲಕವೇ ಒಂದಕ್ಕೊಂದು ಸುದ್ದಿ ಮುಟ್ಟಿ, ಎಲ್ಲಾ ಒಂದೇ ಕಡೆಗೆ ಮುಖ ಮಾಡುತ್ತವೆ. ಹೀಗೆಂದು ನಾನು ತಿಳಿದುಕೊಂಡಿದ್ದೇನೆ, ಸಾಬೀತು ಮಾಡಲು ಇನ್ನೂ ಬಹಳ ಇದೆ.

ಮೂರು ದಿನದ ಹಿಂದೆ ಅಳೆದೆ. ಗೆರೆ ಮೇಲೆ ಹೋಯಿತು. ಇಳಿಯುವಾಗ ಬೇರೆ ದಾರಿಯಲ್ಲಿ ಇಳಿಯಿತು ಅಪ್ಪ. ಸೂಜಿಯ ಕಣ್ಣಿನಷ್ಟು ಸಣ್ಣ ಕುಣಿಕೆ. ಅದೇ ಪುಡಿಯನ್ನು ಮುಚ್ಚಳ ತೆಗೆದು ತೆರೆದ ಗಾಳಿಯಲ್ಲಿ ಮತ್ತೆ ಕಾಯಿಸಿದೆ, ಜಾಗಗಳೆಲ್ಲ ತುಂಬಿ ನೆನಪು ಹೋಯಿತು. ಹೊಸದಾಗಿ ಕಾಗದ ಇಟ್ಟು ಮಾಡಿದೆ, ಬಂತು. ಮೇಡಂ ಸ್ವೆಟರ್ ಕೂಡ ಹಾಕಿಕೊಳ್ಳದೆ ಆ ತಂಪಿನಲ್ಲಿ ನಿಂತು ನೋಡಿದರು.

ನಿನಗೆ ಯಾಕೆ ಬರಲಿಲ್ಲ ಗೊತ್ತಾಯಿತಾ? ನಿನಗೆ ಆ ಸದ್ದು ಅಭ್ಯಾಸವಾಗಿತ್ತು. ಅವಳಿಗೂ ಮುಂಚೆ ಅಭ್ಯಾಸವಾಗಿತ್ತು. ನಾನು ಹೊಟ್ಟೆಯಲ್ಲಿದ್ದಷ್ಟು ದಿನ ಮಾತ್ರ ಕಾಗದ ಇತ್ತು. ಸದ್ದು ನಿಲ್ಲಿಸಲು ಇಟ್ಟದ್ದನ್ನು ಪ್ರಬಂಧದಲ್ಲಿ ಯಾರು ಬರೆಯುತ್ತಾರೆ? ಬೂದಿ ಇಲ್ಲ, ಗುರುತಿಲ್ಲ.

ಶೀಸೆ ಬೇಡ ಅಪ್ಪ. ನಿನ್ನ ಬಳಿಯೇ ಇರಲಿ. ಬೇಕಾದರೆ ಮತ್ತೆ ಡಬ್ಬಿಗೆ ಹಾಕು.

ಅಮ್ಮನ ವಾಂತಿಗೆ ಕಾರಣಳಾದ
ಚಿಟಿಕೆ

—

ನವೆಂಬರ್ ೧೮

ಪ್ರೀತಿಯ ಅಪ್ಪ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿದವು. ನಾನು ಶೀಸೆ ಬೇಡ ಎಂದು ಬರೆದು ಅಂಚೆ ಡಬ್ಬಿಗೆ ಹಾಕಿದ ಎರಡೇ ದಿನಕ್ಕೆ, ಕೋಣೆಯ ಬಾಗಿಲಲ್ಲಿ ನಿನ್ನ ಕಾಲುಚೀಲ ಕಾಯುತ್ತಿತ್ತು. ನನ್ನ ಸುದ್ದಿ ತಿಳಿಯುವ ಮೊದಲೇ ನೀನು ಕಳಿಸಿಬಿಟ್ಟಿದ್ದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತೆ. ಹಲ್ಲುನೋವಾ ಎಂದು ಯಾರೂ ಕೇಳಲಿಲ್ಲ.

ಮೇಡಂ ಒಂದು ಮಾತು ಹೇಳಿದರು. "ನಿನ್ನ ಪುಡಿ ಸರಿ ಅಂದ ಮಾತ್ರಕ್ಕೆ ಅವರ ಪುಡಿ ಸರಿ ಅಂತ ಆಗಲ್ಲ." ಕೋಪ ಬಂತು. ಆದರೆ ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಅರಗು ಬಿಡಿಸಿದೆ. "ಯಾರೂ ಮುಟ್ಟತಕ್ಕದ್ದಲ್ಲ" ಎಂಬ ಚೀಟಿಗೆ, ನಾನು ಯಾರೋ ಅಲ್ಲ ಎಂದು ಬಾಯಿ ಬಿಟ್ಟು ಹೇಳಿದೆ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ ಬಿಡು.

ಅರ್ಧ ಮಾತ್ರ ತೆಗೆದುಕೊಂಡೆ. ಮೊದಲು ಅಳೆದೆ. ನೀವಿಬ್ಬರೂ ಕುರ್ಚಿ ಕುಟ್ಟಿ ಕುಣಿದ ಅದೇ ಕುಣಿಕೆ, ಸ್ವಲ್ಪ ಸಣಕಲಾಗಿದೆ, ವಯಸ್ಸಾಯಿತಲ್ಲ. ಆಮೇಲೆ ಕರಗಿಸಿದೆ. ಕಬ್ಬಿಣ ಇಲ್ಲ. ಆಮ್ಲದಲ್ಲಿ ಮೊದಲೇ ಎಷ್ಟಿತ್ತೋ ಅಷ್ಟೇ, ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. ಮೇಡಂ ಫಲಿತಾಂಶದ ಹಾಳೆ ನೋಡಿ, ಕನ್ನಡಕ ತೆಗೆದು, "ನಿಮ್ಮ ತಾಯಿಯ ಕೈ ತುಂಬಾ ಚೊಕ್ಕ" ಎಂದರು. ಆ ಅಧ್ಯಾಯಕ್ಕೆ ಈಗ ಬೇರೆ ತಲೆಬರಹ ಬಂದಿದೆ. ಮುಚ್ಚಳದ ಕೆಳಗೆ ಕಾಗದ ಮಡಚಿಟ್ಟವಳು ಅವಳು ಎಂದು ಅದರಲ್ಲಿ ಅವಳ ಹೆಸರು ಪೂರ್ತಿಯಾಗಿ ಇದೆ.

ಉಳಿದರ್ಧ ಇದರ ಜೊತೆ ಕಳಿಸುತ್ತಿದ್ದೇನೆ, ಹೊಸ ಅರಗು ಹಾಕಿದ್ದೇನೆ. ಕಾಲುಚೀಲವನ್ನೂ ಒಗೆದಿದ್ದೇನೆ.

ಒಂದು ಕೇಳಬೇಕು. ನಿನಗೆ ಅಂಚೆಯವನು ಬಾಗಿಲು ಬಡಿದರೆ ಕೇಳಿಸುವುದಿಲ್ಲ. ರೈಲೇ ಕೇಳಿಸುವುದಿಲ್ಲ, ಮನೆ ನಡುಗುವುದು ನೋಡಿ ರೈಲು ಹೋಯಿತು ಎನ್ನುತ್ತೀಯ. ಹಾಗಿದ್ದ ಮೇಲೆ ಲೋಟದ ಮುಚ್ಚಳ ಕಟಕಟ ಅಂದರೆ ನಿನಗೇನು? ಅಮ್ಮ ಹೋಗಿ ಇಷ್ಟು ವರ್ಷವಾದರೂ ದಿನಾ ಆ ಕಾಗದ ಯಾಕೆ ಮಡಚಿ ಇಡುತ್ತೀಯ? ನೀನು ಇಡದೇ ಇದ್ದಿದ್ದರೆ ನನಗೆ ಯಾವತ್ತೂ ಹೊಳೆಯುತ್ತಿರಲಿಲ್ಲ.

ನಿನ್ನ
ಚಿಟಿಕೆ

—

ಡಿಸೆಂಬರ್ ೩

ಚಿಟಿಕೆ,

ಶೀಸೆ ಬಂತು. ಅರ್ಧ ಇದ್ದರೂ ಮೊದಲಿಗಿಂತ ತುಂಬಿದ ಹಾಗೆ ಕಾಣುತ್ತಿದೆ. ಈಗ ಡಬ್ಬಿಯಲ್ಲಿಲ್ಲ, ಕಿಟಕಿಯ ಮೇಲಿದೆ, ಬಂದವರಿಗೆಲ್ಲ ತೋರಿಸುತ್ತೇನೆ. ಕೆಳಗಿನ ಸೈಕಲ್ ಅಂಗಡಿಯವನು ಇದೇನು, ಹಲ್ಲುಪುಡಿಯಾ ಎಂದ. ಕೂರಿಸಿ ಪೂರ್ತಿ ಪಾಠ ಮಾಡಿ ಕಳಿಸಿದೆ. ಪಾಪ, ಈಗ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾನೆ.

ನಿನ್ನ ಅಕ್ಟೋಬರ್ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ದುಃಖಕ್ಕಲ್ಲ. ಸಂಜೆ ಮನೆಗೆ ಬಂದು ತಲೆ ಆಡಿಸುತ್ತಿದ್ದೆನಲ್ಲ, ಆ ಸಂಜೆಗಳೆಲ್ಲ ಸಾಲಾಗಿ ಬಂದವು. ಉತ್ತರ ಅವಳ ಕೈಯಲ್ಲೇ ಇತ್ತು, ಅವಳಿಗೂ ಗೊತ್ತಿರಲಿಲ್ಲ. ಒಂದು ಸಲ ನಾನು "ಆ ಮುಚ್ಚಳ ಹೇಗೆ ಸುಮ್ಮನಾಗಿಸಿದೆ?" ಎಂದು ಸುಮ್ಮನೆ ಮಾತಿಗೆ ಕೇಳಿದ್ದರೆ ಸಾಕಿತ್ತು. ಅವಳು ಇದ್ದು ಇದನ್ನು ಕೇಳಬೇಕಿತ್ತು ಮಗಳೇ. ಕುರ್ಚಿ ಇನ್ನೊಮ್ಮೆ ಕುಟ್ಟಬೇಕಿತ್ತು.

ಥೀಸಿಸ್ ಕೊಟ್ಟ ಮೇಲೆ ಮನೆಗೆ ಬಾ. ಬರುವಾಗ ಆ ಕಾಗದದ ಒಂದು ಡಬ್ಬ ತಗೊಂಡು ಬಾ. ಅವಳ ಹಳದಿ ಡಬ್ಬ ತಳ ಕಾಣುತ್ತಿದೆ.

ಇನ್ನು ನೀನು ಕೇಳಿದ್ದು. ನಿನ್ನ ಪ್ರಶ್ನೆ ಓದಿ ನಾನೂ ಒಂದು ಪ್ರಯೋಗ ಮಾಡಿದೆ. ಭಾನುವಾರ ಮಧ್ಯಾಹ್ನ ಕಾಗದ ತೆಗೆದು, ಬರೀ ಮುಚ್ಚಳ ಮುಚ್ಚಿ, ರೈಲಿಗೆ ಕಾದು ಕೂತೆ. ರೈಲು ಬಂತು. ಮುಚ್ಚಳ ಕುಣಿಯುವುದು ಕಣ್ಣಿಗೆ ಕಂಡಿತು, ಬೆರಳಿಟ್ಟರೆ ಬೆರಳಿಗೂ ಗೊತ್ತಾಯಿತು. ಕಿವಿಗೆ ಏನೂ ಇಲ್ಲ. ಕಾಗದ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆವತ್ತು ಮಲಗುವಾಗ ಒಂದು ಕಾಗದ ತೆಗೆದು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಮುಚ್ಚಳದ ಕೆಳಗಿಟ್ಟೆ. ನನಗೆ ಕೇಳಿಸುವುದಿಲ್ಲ ಎಂದು ಗೊತ್ತು. ಅವಳಿಗೆ ಎಚ್ಚರವಾಗಿಬಿಡುತ್ತದಲ್ಲ ಎಂದು ಇಡುತ್ತೇನೆ.

ನಿನ್ನ
ಅಪ್ಪ